ದಡ ಸೇರಿದ ಮೇಲಿನ ದಾರಿ

ನಮ್ಮ ಮಲೆನಾಡಿಗೆ ನೀರಿನ ಬಡತನವಿಲ್ಲ, ಈಜಿನ ಬಡತನವುಂಟು. ಕಳಸದ ಬಳಿ ಭದ್ರೆ, ಮೂಡಿಗೆರೆಯ ಕಡೆ ಹೇಮಾವತಿ, ತೋಟತೋಟಕ್ಕೂ ಕೆರೆ. ಆದರೂ "ನೀರು ಕಂಡರೆ ದೂರ ನಿಲ್ಲು" ಎಂಬುದೇ ಇಲ್ಲಿಯ ತಾಯಂದಿರು ಕಲಿಸುವ ಮೊದಲ ಪಾಠ. ಹಾಗಿರುವಾಗ ಕಾಫಿತೋಟದ ಲೈನಿನಲ್ಲಿ ಹುಟ್ಟಿ ಬೆಳೆದ ನಾನು ಸಮುದ್ರದ ಈಜನ್ನು ಕುರಿತು ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

ನನಗೆ ಈಜು ಕಲಿಸಿದವರು ಸೋದರಮಾವ. ಹಿಂದಿನವರು ಸೊಂಟಕ್ಕೆ ಸೋರೆಬುರುಡೆ ಕಟ್ಟುತ್ತಿದ್ದರಂತೆ. ಮಾವ ನನಗೆ ಎಣ್ಣೆಯ ಖಾಲಿ ಕ್ಯಾನು ಕಟ್ಟಿ ಬೇಸಗೆಯ ಭದ್ರೆಗೆ ಇಳಿಸಿದರು. ಈಜಿಗೂ ಒಂದು ಯುಕ್ತಿಯುಂಟೆಂಬುದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ, ಟ್ರಯಾಥ್ಲಾನ್ ಎಂಬ ಪಂದ್ಯದ ವಿಷಯ ಓದಿದಾಗ. ಅದರಲ್ಲಿ ಮೊದಲು ಈಜು, ಅನಂತರ ಸೈಕಲ್ಲು, ಕೊನೆಗೆ ಓಟ. ಐರನ್‌ಮ್ಯಾನ್ ಎಂಬ ದೀರ್ಘ ಪಂದ್ಯದಲ್ಲಿ 3.8 ಕಿಲೋಮೀಟರು ಈಜಿ, 180 ಕಿಲೋಮೀಟರು ಸೈಕಲ್ಲು ತುಳಿದು, ಅದೇ ಮೈಯಲ್ಲಿ 42.2 ಕಿಲೋಮೀಟರು ಓಡಬೇಕು. ಇದರ ಅರ್ಧದಷ್ಟು ದೂರದ ಪಂದ್ಯ 2019ರಲ್ಲಿ ಗೋವೆಯ ಮೀರಾಮಾರ್ ಕಡಲತೀರದಲ್ಲಿ ನಡೆಯಿತು. ಅಂಥದೊಂದರಲ್ಲಿ ಎಂದಾದರೂ ಈಜಬೇಕೆಂಬುದು ನನ್ನ ಆಸೆ.

ಮೊದಲು ನೀರಿನಿಂದ ಎದ್ದು ಬಂದವನೇ ಗೆಲ್ಲುವನೆಂದು ಯಾರಿಗಾದರೂ ತೋರುವುದು ಸಹಜ. 1978ರ ಫೆಬ್ರವರಿ 18ರಂದು ಹವಾಯಿಯ ಒವಾಹು ದ್ವೀಪದಲ್ಲಿ ಈ ಪಂದ್ಯ ಮೊತ್ತಮೊದಲು ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಗೆದ್ದ ಗಾರ್ಡನ್ ಹಾಲರ್ ಈಜಿನಲ್ಲಿ ಜಾನ್ ಡನ್‌ಬಾರ್‌ನಿಗಿಂತ ಸುಮಾರು 20 ನಿಮಿಷ ಹಿಂದಿದ್ದ. ಆದರೆ ಕೊನೆಯಲ್ಲಿ ಅವನಿಗಿಂತ ಅರ್ಧ ಗಂಟೆಗೂ ಹೆಚ್ಚು ಮುಂದೆ ಗುರಿ ಸೇರಿದ. ಆದುದರಿಂದ ಈ ಈಜಿನಲ್ಲಿ ಗೆಲ್ಲುವುದು ಮುಖ್ಯವಲ್ಲ. ಮುಂದಿನ ದಾರಿಗೆ ಕಸುವನ್ನು ಉಳಿಸಿಕೊಂಡು ದಡ ಸೇರುವುದು ಮುಖ್ಯ. ಹಾಗೆಂದು ತೇಲುತ್ತ ಕೂರುವಂತೆಯೂ ಇಲ್ಲ. ಪೂರ್ಣ ಪಂದ್ಯದ ಈಜಿಗೆ ಸಾಮಾನ್ಯವಾಗಿ 2 ಗಂಟೆ 20 ನಿಮಿಷದ ಗಡುವುಂಟು.

ಉಳಿಸುವುದು ಹೇಗೆ? ಮೊದಲನೆಯದು, ನಿಲ್ಲುವ ಜಾಗ. ಬಲಶಾಲಿಗಳ ನಡುವೆ ನುಗ್ಗಿದರೆ ಕೈಕಾಲುಗಳ ಏಟು ತಪ್ಪದು; ತನ್ನ ವೇಗದವರೊಡನೆ, ಗುಂಪಿನ ಅಂಚಿನಲ್ಲಿ ಹೊರಡುವುದು ಲೇಸು. ಎರಡನೆಯದು, ಉಸಿರು. ಮೊದಲ ಕೆಲವು ನಿಮಿಷ ಬೇಕೆಂದೇ ನಿಧಾನವಾಗಿ ಈಜಿ, ನೀರೊಳಗೇ ಉಸಿರನ್ನು ಪೂರ್ತಿ ಬಿಡಬೇಕು. ಮೂರನೆಯದು, ಕಾಲು. ಕೈಗಳೇ ಮೈಯನ್ನು ಎಳೆಯಲಿ. ಕಾಲಿಗೆ ಮುಂದೆ ಬೇಕಾದಷ್ಟು ಕೆಲಸವಿದೆ.

ಎಲ್ಲಕ್ಕಿಂತ ಕಠಿನವಾದದ್ದು ದಿಕ್ಕು. ಈಜುಕೊಳದ ತಳದಲ್ಲಿ ಕಪ್ಪು ಗೆರೆಯಿರುತ್ತದೆ, ಸಮುದ್ರದಲ್ಲಿಲ್ಲ. ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನ ಮೇಲೆತ್ತಿ ನೋಡಬೇಕು. ತಲೆಯನ್ನೆಲ್ಲ ಎತ್ತಿದರೆ ಕಾಲು ಮುಳುಗುತ್ತದೆ. ತೇಲಬಿಟ್ಟ ಗುರುತು ಅಲೆಯ ಮರೆಯಾಗುವುದರಿಂದ ಅದರ ಹಿಂದಿನ ಎತ್ತರದ ಮರವನ್ನೋ ಕಟ್ಟಡವನ್ನೋ ಹಿಡಿದಿಟ್ಟುಕೊಳ್ಳುವುದು ಜಾಣತನ. ಭದ್ರೆಯಲ್ಲಿ ನಾನು ಆಚೆ ದಡದ ಮರವೊಂದನ್ನು ನೋಡಿಕೊಂಡು ಈಜುತ್ತೇನೆ. ಸೆಳೆತ ಕೆಳಕ್ಕೆ ಒಯ್ಯುವುದರಿಂದ ಸ್ವಲ್ಪ ಮೇಲಕ್ಕೇ ಗುರಿಯಿಡಬೇಕಾಗುತ್ತದೆ. ಇನ್ನೊಂದು ಉಪಾಯವುಂಟು. ಮುಂದಿನವರ ಕಾಲ ಹಿಂದೆಯೇ ಈಜಿದರೆ ಅವರು ಸೀಳಿದ ನೀರಿನಲ್ಲಿ ನಮಗೆ ಶ್ರಮ ಕಡಿಮೆ. ಆದರೆ ಅವರು ದಾರಿ ತಪ್ಪಿದರೆ ನಾವೂ ತಪ್ಪಿದಂತೆಯೇ!

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅಪ್ಪ ಈಜು ಬಲ್ಲವರಲ್ಲ. ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದವರು. "ಬೆಳಗ್ಗೇನೇ ಕಸುವೆಲ್ಲ ಹಣ್ಣಿಗೆ ಹಾಕಿದ್ರೆ, ಸಾಯಂಕಾಲ ಮೂಟೆ ಹೊತ್ಕೊಂಡು ದಿಬ್ಬ ಹತ್ತೋರು ಯಾರು ಮಗಾ?" ಎಂದರು. ನಾನು ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಅವರು ಬೆನ್ನಿನಿಂದ ತಿಳಿದಿದ್ದರು.

ಆದರೆ ಇದೇ ಅಪ್ಪ ನನ್ನ ಪದವಿಯನ್ನು ಮಾತ್ರ ಪಂದ್ಯದ ಕೊನೆಯೆಂದು ನಂಬಿದ್ದಾರೆ. ಬಿ.ಎ. ಆದೊಡನೆ ಸಂಬಳ ಬರುತ್ತದೆ, ಮಂಡಿನೋವಿನ ತಾವು ತೋಟದ ಕೆಲಸ ಬಿಡಬಹುದು ಎಂಬುದು ಅವರ ಲೆಕ್ಕ. ನನಗೋ ಎಂ.ಎ. ಓದುವ ಹಂಬಲ. ಬಿ.ಎಡ್. ಮಾಡಲೋ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರಲೋ ಎಂದು ಕೇಳೋಣವೆಂದರೆ ನಮ್ಮ ಮನೆಯಲ್ಲಿ ನನಗಿಂತ ಮುಂದೆ ಈಜಿದವರ ಕಾಲುಗಳು ಕಾಣುವುದಿಲ್ಲ. ಅಣ್ಣನೋ ಅಕ್ಕನೋ ಓದಿರುವ ಸಹಪಾಠಿಗಳಿಗೆ ಈ ಸೌಕರ್ಯದ ಬೆಲೆ ತಿಳಿಯದು. ಅಧ್ಯಾಪಕರು ದೂರದ ಮರವನ್ನು ತೋರಿಸಬಲ್ಲರು. ಆಗಾಗ ಕಣ್ಣೆತ್ತಿ ನೋಡುವ ಕೆಲಸ ನನ್ನದೇ. ಹಿಂದೆ ಪಿ.ಯು.ಸಿ. ಓದುತ್ತಿರುವ ತಂಗಿ ನನ್ನ ಕಾಲುಗಳನ್ನೇ ನೋಡಿಕೊಂಡು ಬರುತ್ತಿದ್ದಾಳೆ. ನಾನು ಅಡ್ಡದಾರಿ ಹಿಡಿದರೆ ಅವಳಿಗೂ ದೂರ ಹೆಚ್ಚುತ್ತದೆ. ಅದಕ್ಕಾಗಿ ಈ ಬೇಸಗೆಯಲ್ಲಿ ಕೆಲಸಕ್ಕೆ ಸೇರಿ, ಜೊತೆಗೇ ಎಂ.ಎ.ಗೆ ಅಂಚೆಯ ಮೂಲಕ ಓದುವುದೆಂದು ನಿಶ್ಚಯಿಸಿದ್ದೇನೆ. ವೇಗ ಕಡಿಮೆಯಾದೀತು, ದಿಕ್ಕು ತಪ್ಪದು.

ಇದನ್ನೋದಿ ಹುಮ್ಮಸ್ಸಿನಿಂದ ನೀರಿಗೆ ಹಾರುವ ಗೆಳೆಯರಿಗೆ ಒಂದು ಮಾತು. ಮಳೆಗಾಲದ ಭದ್ರೆಗೆ ಇಳಿಯಬೇಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದಲ್ಲಿ ಕಾಲು ಜಾರಿದರೆ ಈಜು ಬಲ್ಲವರೂ ಹತ್ತಿ ಬರಲಾರರು. ಎಲ್ಲಿಯೇ ಆಗಲಿ, ದಡದಲ್ಲಿ ಹಗ್ಗ ಹಿಡಿದ ಒಬ್ಬರಿಲ್ಲದೆ ನೀರಿಗಿಳಿಯಬೇಡಿ. ಮುಂದಿನ ದಾರಿ ಬಹಳವಿದೆ. ಅದನ್ನು ನಡೆಯಲು ನಾವು ದಡ ಸೇರಬೇಕು.