ಒಂದು ಗೇಣು, ಒಂದು ಜೋಳದ ಕಾಳು

ಅಣ್ಣನ ಮಗಳು ಓದಲೆಂದು ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ವಾರ, ಹಾನಗಲ್ಲಿನ ನಮ್ಮ ಮನೆಯಲ್ಲಿ ಅವ್ವನದು ಒಂದೇ ಪ್ರಶ್ನೆ: "ಎಷ್ಟ ಹರದಾರಿ ಆಗತೈತಿ?"

ಹರದಾರಿ ಎಂದರೆ ಸುಮಾರು ಮೂರು ಮೈಲು. ಬೆಂಗಳೂರಿನಿಂದ ಅಲ್ಲಿಗೆ ಆಕಾಶಮಾರ್ಗದಲ್ಲಿ ಹೆಚ್ಚುಕಡಿಮೆ 14,000 ಕಿಲೋಮೀಟರು. "ಮೂರು ಸಾವಿರ ಹರದಾರಿಗೆ ಸ್ವಲ್ಪ ಕಡಿಮಿ" ಎಂದೆ. ಅವ್ವನಿಗೆ ಅದು ದಕ್ಕಲಿಲ್ಲ. ಶಿಗ್ಗಾವಿ ತವರು, ಸವಣೂರು ಅಕ್ಕನ ಮನೆ, ಹಿರೇಕೆರೂರು ಬೀಗರ ಊರು. ಅವಳು ನಡೆದು, ಚಕ್ಕಡಿ ಹತ್ತಿ, ಬಸ್ಸು ಹಿಡಿದು ಅಳೆದ ಭೂಮಿ ಅಷ್ಟು.

ಕೊನೆಗೆ ಹುಡುಗಿಯೇ ತನ್ನ ಶಾಲೆಯ ದಿನಗಳ ಪುಟ್ಟ ಗೋಳವನ್ನು ಅಟ್ಟದಿಂದ ಇಳಿಸಿದಳು. ಅವ್ವ ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಹುಡುಗಿ ಬಿಗಿದಳು. ದಾರ ನೇರ ಪೂರ್ವದ ಸಮುದ್ರದ ಕಡೆ ಹೋಗಲಿಲ್ಲ, ಉತ್ತರಕ್ಕೆ ಬಾಗಿ ಏರಿ ಧ್ರುವಪ್ರದೇಶದ ಅಂಚಿನಲ್ಲಿ ಹಾದು ಅಮೆರಿಕಕ್ಕೆ ಇಳಿಯಿತು. ಭೂಮಿ ದುಂಡಗಿರುವುದರಿಂದ ಹತ್ತಿರದ ದಾರಿ ಅದೇ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಬಂದ ಏರ್ ಇಂಡಿಯಾದ ಮೊದಲ ವಿಮಾನ ಉತ್ತರ ಧ್ರುವದ ಮೇಲೆಯೇ ಹಾರಿತ್ತು. ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಹೆಂಗಸರು. ಅವ್ವನ ಮುಖ ಅರಳಿತು. ಅತಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಬೆನ್ನಿಗೆ ಸಿಕ್ಕರೆ ಹೊತ್ತು ಉಳಿಯುತ್ತದೆ, ಹಾಗಾಗಿ ಹೋಗುವಾಗ ಪೆಸಿಫಿಕ್ ಸಾಗರದ ಸುತ್ತು ದಾರಿಯೂ ಲಾಭವೇ. ನಡುವೆ ನಿಲ್ಲದೆ ಹಾರಿದರೆ ಯಾವ ದಾರಿಯಾದರೂ ಹದಿನಾರು ಹದಿನೇಳು ತಾಸು.

ಅವ್ವ ದಾರದ ಮೇಲೆ ಕೈ ಹಾಸಿದಳು. ಸರಿಯಾಗಿ ಒಂದು ಗೇಣು.

"ಮತ್ತ ನಮ್ಮೂರಿಂದ ಬೆಂಗಳೂರಿಗೆ?"

ಆ ಗೋಳದ ಮೇಲೆ ಅದು ಒಂದು ಜೋಳದ ಕಾಳಿನಷ್ಟು. ಹಾವೇರಿ, ದಾವಣಗೆರೆ, ಚಿತ್ರದುರ್ಗ ದಾಟುವ ರಾತ್ರಿ ಬಸ್ಸಿಗೆ ಆ ಕಾಳಿಗೇ ಎಂಟು ತಾಸು! ಗೇಣಿಗೆ ತಗಲುವ ಹೊತ್ತಿನ ಅರ್ಧ.

ಅಂದಿನಿಂದ ಈ ಕಾಳು ನನ್ನ ಮನಸ್ಸಿನಲ್ಲಿ ಕೂತಿದೆ. ಟಿಕೇಟಿನಲ್ಲಿ ಅಚ್ಚಾಗುವುದು ಗೇಣಿನ ಹೊತ್ತು ಮಾತ್ರ. ಹಿರೇಕೆರೂರಿನ ಹಳ್ಳಿಯಿಂದ ಹುಬ್ಬಳ್ಳಿಯ ವಿಮಾನ ನಿಲ್ದಾಣ ಮುಟ್ಟಲೂ ಮೂರು ತಾಸು ಬೇಕು. ಅವ್ವನಿಗೆ ಮೈ ಸರಿಯಿಲ್ಲವೆಂದು ನಡುರಾತ್ರಿ ಫೋನು ಹೋದರೆ, ಅಮೆರಿಕದಿಂದ ಓಡಿ ಬರುವ ಜೀವಕ್ಕೆ ಎಲ್ಲಕ್ಕಿಂತ ಉದ್ದ ಎನಿಸುವುದು ಕೊನೆಯ ಆ ಕಾಳೇ. ಜಗತ್ತು ಗೇಣನ್ನು ಕಿರಿದು ಮಾಡಿದೆ. ಕಾಳಿನಷ್ಟು ದಾರಿಯನ್ನು ಕಿರಿದು ಮಾಡುವುದು ನಮ್ಮ ನಾಡಿನ ಕೆಲಸ.

ಹೊರಡುವ ಸಂಜೆ ಅವ್ವ ಖಡಕ್ ರೊಟ್ಟಿಯ ಗಂಟನ್ನು ಅದೇ ದಾರದಿಂದ ಬಿಗಿದಳು. ಮೂರನೆಯ ದಿನ ಹುಡುಗಿಯ ಫೋನು ಬಂತು. ನಮಗೆ ರೊಟ್ಟಿ ಬಡಿಯುವ ಬೆಳಗು, ಅವಳಿಗೆ ಹಿಂದಿನ ದಿನದ ಸಂಜೆ. "ರೊಟ್ಟಿ ಒಂದೂ ಮುರಿದಿಲ್ಲಜ್ಜಿ. ದಾರ ತೆಗೆದಿಟ್ಟೇನಿ."