ಜಗಲಿಯ ಮಾತು

ನಿಟ್ಟೂರಿನ ಮಳೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ಅರಿಯದವರಿಗೆ ಎಷ್ಟು ವರ್ಣಿಸಿದರೂ ಸಾಲದು. ಘಟ್ಟವಿಳಿದು ಕೊಲ್ಲೂರಿಗೆ ಸಾಗುವ ಹಾದಿಯ ಈ ಸೀಮೆಯಲ್ಲಿ ಮನೆಗಳು ಬಯಲುನಾಡಿನಂತೆ ಗೋಡೆಗೆ ಗೋಡೆ ತಾಗಿ ನಿಲ್ಲುವುದಿಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಗುಡ್ಡ. ಆಷಾಢದಲ್ಲಿ ಹಳ್ಳ ತುಂಬಿ ಹರಿದರೆ ನೆರೆಮನೆಯೂ ಪರದೇಶವೇ.

ನಮ್ಮ ಚೊಚ್ಚಲ ಮಗಳಿಗೆ ಐದು ತಿಂಗಳಾದಾಗ ನನ್ನ ಗೃಹಿಣಿ ಬಾಣಂತನ ಮುಗಿಸಿ ತವರಿನಿಂದ ಇಂತಹ ಒಂಟಿಮನೆಗೆ ಬಂದಳು. ಹಗಲೆಲ್ಲ ನಾನು ಶಾಲೆಯಲ್ಲಿ. ರಾತ್ರಿ ಕೇಶಿರಾಜನ ಸೂತ್ರಗಳಲ್ಲಿ. ಕೂಸಿನ ಬಟ್ಟೆಗಳನ್ನು ಬಚ್ಚಲೊಲೆಯ ಶಾಖಕ್ಕೆ ಹಿಡಿದು ಒಣಗಿಸುವುದು, ನಿದ್ದೆಗೆಟ್ಟು ತೊಟ್ಟಿಲು ತೂಗುವುದು ಅವಳ ಪಾಲು. ಬಳೆ ಮಾರುವವಳು ಬಂದರೆ ಅವಳನ್ನು ಗಂಟೆಗಟ್ಟಲೆ ಕೂರಿಸಿಕೊಳ್ಳುತ್ತಿದ್ದಳು. ಒಮ್ಮೆ ನಾನು, "ಮಾತಿಗೂ ಒಂದು ಮಿತಿ ಬೇಡವೇ?" ಎಂದುಬಿಟ್ಟೆ. ಅವಳು ಮರುಮಾತಾಡಲಿಲ್ಲ. ಅಂದಿನಿಂದ ಮಾತೇ ಇಳಿಯಿತು. ಊಟ ಸೇರದು, ಅಕಾರಣ ಕಣ್ಣೀರು. ಶಬ್ದದ ಅರ್ಥವನ್ನು ಬೋಧಿಸುತ್ತಿದ್ದ ನನಗೆ ಆ ಮೌನದ ಅರ್ಥ ಹೊಳೆಯಲಿಲ್ಲ.

ಅಡಿಕೆ ಕೊಯ್ಲಿನ ಕಾಲಕ್ಕೆ ಹಳ್ಳದಾಚೆಯ ಮನೆಯ ವೃದ್ಧೆಯೊಬ್ಬರು ಬಂದರು. "ತಮ್ಮಾ, ಇವಳನ್ನು ಸುಲಿಯಲಿಕ್ಕೆ ಕಳಿಸು. ಕೂಸಿಗೆ ಅಲ್ಲೇ ಜೋಲಿ ಕಟ್ಟುತ್ತೇನೆ" ಎಂದರು. ಮೆಟ್ಟುಗತ್ತಿಯ ಮೇಲೆ ಕುಳಿತ ಹತ್ತಾರು ಹೆಂಗಸರು, ನಡುವೆ ಅಡಿಕೆಯ ರಾಶಿ, ಕೂಸುಗಳು ಕೈಯಿಂದ ಕೈಗೆ. ಮೂರನೆಯ ರಾತ್ರಿ ಮರಳುವಾಗ ಅವಳು ನಕ್ಕದ್ದನ್ನು ಕೇಳಿದೆ. "ಎಲ್ಲರಿಗೂ ಹೀಗೇ ಆಗಿತ್ತಂತೆ" ಎಂದಳು. ಅಷ್ಟೇ ಮಾತು, ಅದೇ ಔಷಧ.

ಈಗ ಆ ರಾತ್ರಿಗಳು ವಿರಳ. ಸುಲಿಯುವ ಯಂತ್ರಗಳು ಬಂದಿವೆ. ಶ್ರಮ ತಗ್ಗಿತು, ಒಡನಾಟವೂ ತಗ್ಗಿತು. ಮಗಳು ಇಂದು ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ತನ್ನ ಹಸುಗೂಸಿನೊಡನೆ ಇದ್ದಾಳೆ. ಗೋಡೆಯಾಚೆಗೇ ನೆರೆಯವರಿದ್ದಾರೆ, ಪರಿಚಯವಿಲ್ಲ. ಹಳ್ಳವಿಲ್ಲದೆಯೂ ಅದು ಒಂಟಿಮನೆಯೇ. ಬಾಣಂತಿಯರ ಮನೋವ್ಯಥೆ ಸೋಗಲ್ಲ, ಚಿಕಿತ್ಸೆಗೆ ಅರ್ಹವಾದ ಬೇನೆಯೆಂಬುದನ್ನು ವೈದ್ಯಶಾಸ್ತ್ರ ಒಪ್ಪಿದೆ. ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಉಪಚರಿಸುವ ವಿಭಾಗವಿದೆ. ವ್ಯಥೆ ಉಲ್ಬಣಿಸಿದಾಗ ವೈದ್ಯರೇ ಶರಣ್ಯ. ಆದರೆ ಅಷ್ಟು ದೂರ ಹೋಗುವ ಮೊದಲೇ ಒದಗಬೇಕಾದುದು ನೆರೆಯವರ ಕಿವಿ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ನಾಡಿನಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿ ಮಕ್ಕಳಿಗೆ ಅನ್ನ, ಅಕ್ಷರಗಳನ್ನಿತ್ತಿತು. ಅದರ ಹೊಸ್ತಿಲಲ್ಲಿ ಕ್ಷಣಕಾಲ ನಿಂತು ಮಾತಾಡುವ ತಾಯಂದಿರಿಗೂ ಏನನ್ನೋ ಇತ್ತಿತೆಂಬುದು ಯಾವ ಲೆಕ್ಕದಲ್ಲಿಯೂ ಸೇರಿಲ್ಲ.

ನಮ್ಮ ಶಾಲೆಯ ಬಾಗಿಲಲ್ಲಿಯೂ ದಿನಾ ಸಂಜೆ ಎಳೆಗೂಸನ್ನು ಸೊಂಟದಲ್ಲಿಟ್ಟುಕೊಂಡ ತಾಯಂದಿರು ದೊಡ್ಡ ಮಕ್ಕಳಿಗಾಗಿ ಮಳೆಯಲ್ಲಿ ನಿಂತು ಕಾಯುತ್ತಾರೆ. ದಾನಿಗಳಲ್ಲಿಯೂ ಹಿರಿಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ ಇಷ್ಟೆ: ಅಲ್ಲೊಂದು ಹೆಂಚಿನ ಮಾಡು, ಕೂರಲು ಉದ್ದನೆಯ ಜಗಲಿ, ಜೋಲಿ ಕಟ್ಟಲು ಎರಡು ಗಟ್ಟಿ ತೊಲೆ ಆಗಲಿ. ಅಲ್ಲಿ ಮಾತಿಗೆ ಮಿತಿ ಹೇಳುವ ಪಂಡಿತನೊಬ್ಬ ಬಾರದಂತೆ ನೋಡಿಕೊಳ್ಳುವ ಹೊಣೆ ನನ್ನದು.