ಅವ್ವ ಬ್ಯಾಂಕನ್ನು ಯಾಕೆ ನಂಬಲ್ಲ



ಸ್ವಲ್ಪ ಉದ್ದದ ಪೋಸ್ಟು. ಬಿಡುವಾದಾಗ ಪೂರ್ತಿ ಓದಿ. ಅರ್ಧ ಓದಿ ಶೇರ್ ಮಾಡಬೇಡಿ.

ಹೋದ ಭಾನುವಾರ ನಮ್ಮೂರ ಅಂಬೇಡ್ಕರ್ ಭವನದಲ್ಲಿ ಸ್ತ್ರೀಶಕ್ತಿ ಸಂಘದ ಸಭೆ ಇತ್ತು. ನಾನು ಹೋಗಿದ್ದು ಸ್ಮಶಾನದ ಜಾಗದ ಅರ್ಜಿಗೆ ಸಹಿ ಹಾಕಿಸೋಕೆ. ಸಹಿ ಮುಗೀತಿದ್ದಂಗೆ ನಮ್ಮ ಚಿಕ್ಕಮ್ಮ ಒಬ್ಬರು ಮೊಬೈಲ್ ಮುಂದೆ ಹಿಡಿದು ಕೇಳಿದ್ರು: "ಮಗ, ಬ್ಯಾಂಕುಗಳೆಲ್ಲಾ ಮುಳುಗೋಯ್ತವಂತೆ. ಈ ತಿಂಗಳೊಳಗೆ ದುಡ್ಡು ತಕ್ಕೊಂಡುಬುಡಬೇಕಂತೆ. ದಿಟವಾ?" ಯಾರೋ ಕಳಿಸಿದ ಫಾರ್ವರ್ಡ್. ಕೆಳಗೆ ಹೆಸರಿಲ್ಲ, ತಾರೀಖಿಲ್ಲ. ಹಿಂದೆ ಕೂತಿದ್ದ ಹುಡುಗರು ನಕ್ಕು ಹೇಳಿದ್ರು: "ಬ್ಯಾಂಕಲ್ಲಿ ಏನ್ ಬರುತ್ತೆ ಅಣ್ಣ, ಶೇರಿಗೆ ಹಾಕ್ಬೇಕು."

ಒಂದೇ ಸೂರಿನ ಕೆಳಗೆ ಎರಡು ಮಾತು. ಒಬ್ಬರಿಗೆ ಬ್ಯಾಂಕಿನ ಮೇಲೂ ನಂಬಿಕೆ ಇಲ್ಲ, ಇನ್ನೊಬ್ಬರಿಗೆ ಮೊಬೈಲಲ್ಲಿ ಏರೋ ಹಸಿರು ಗೆರೆ ಮೇಲೆ ಪೂರ್ತಿ ನಂಬಿಕೆ. ಮೈಕು ಸಿಕ್ಕಿದ್ರೆ ಒಂದು ಗಂಟೆ ಮಾತಾಡೋ ನಾನು ಅವತ್ತು ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ನಮ್ಮನೆ ಕಥೆ.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ಸರ್ಕಾರದ ಯೋಜನೆಯಲ್ಲಿ ಎಮ್ಮೆ ಸಾಲ ಆಯ್ತು. ಕಾಗದದಲ್ಲಿ ಎರಡೆಮ್ಮೆ. ಮನೆಗೆ ಬಂದಿದ್ದು ಒಂದು, ಅದೂ ಮುದಿ ಎಮ್ಮೆ. ಸಬ್ಸಿಡಿ ಯಾರ ಜೇಬಿಗೆ ಹೋಯ್ತು ಅನ್ನೋದು ಹೆಬ್ಬೆಟ್ಟು ಒತ್ತಿದ ಅಪ್ಪನಿಗೆ ಗೊತ್ತಾಗಲಿಲ್ಲ, ಒತ್ತಿಸಿಕೊಂಡೋರಿಗೆ ಗೊತ್ತಿತ್ತು. ಎರಡು ವರ್ಷಕ್ಕೆ ಎಮ್ಮೆ ಸತ್ತೋಯ್ತು. ಕಿವಿಗೆ ಹಾಕಿದ್ದ ಬಿಲ್ಲೆ ತಂದುಕೊಟ್ಟರೆ ವಿಮೆ ಬರುತ್ತೆ ಅಂದ್ರು. ಅಪ್ಪ ಬಿಲ್ಲೆಯನ್ನ ಬಟ್ಟೇಲಿ ಸುತ್ತಿಕೊಂಡು ಬ್ಯಾಂಕಿನ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ, ಹೋಗಬೇಕು ಅಂತ ಅವನಿಗೂ ಧೈರ್ಯ ಬರಲಿಲ್ಲ. ವಿಮೆ ಬರಲಿಲ್ಲ. ವಸೂಲಿಯ ಜೀಪು ಮಾತ್ರ ಬಂತು. ಊರಲ್ಲಿ ನಮಗಿಂತ ಹತ್ತು ಪಟ್ಟು ಸಾಲ ಉಳಿಸಿಕೊಂಡ ಮನೆಗಳಿದ್ದವು, ಜೀಪು ನಿಂತಿದ್ದು ಕೇರಿ ಮುಂದೆ.

ಅವತ್ತಿಂದ ಅವ್ವನ ಬ್ಯಾಂಕು ರಾಗಿ ವಾಡೆ. ಕೂಲಿ ದುಡ್ಡನ್ನ ಬಟ್ಟೇಲಿ ಗಂಟು ಕಟ್ಟಿ ರಾಗಿಯೊಳಗೆ ಹೂತಿಡೋಳು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಅದರಲ್ಲಿ ಹನ್ನೊಂದೂವರೆ ಸಾವಿರ ಇತ್ತು. ಎರಡು ದಿನ ಕೂಲಿ ಬಿಟ್ಟು ಸಾಲಲ್ಲಿ ನಿಂತು ಕಟ್ಟಿದಳು. "ನನ್ನ ದುಡ್ಡು ಕಳ್ಳದುಡ್ಡಲ್ಲ ಅಂತ ನಾನೇ ಹೇಳ್ಕಬೇಕಾ?" ಅಂದಿದ್ದಳು.

ಈಗ ಅವ್ವನಿಗೆ ಖಾತೆ ಇದೆ. ಸಂಧ್ಯಾ ಸುರಕ್ಷಾದ 1,200, ಗೃಹಲಕ್ಷ್ಮಿಯ 2,000 ಅಲ್ಲಿಗೇ ಬರಬೇಕು. ಅಂದ್ರೆ ನಂಬಿಕೆ ಇರಲಿ ಬಿಡಲಿ, ಬ್ಯಾಂಕು ಬಿಟ್ಟು ನಮಗೆ ದಾರಿ ಇಲ್ಲ. ಹೋದ ವರ್ಷ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ನೋಡಿದ್ರೆ ಅಪಘಾತ ವಿಮೆ ಅಂತ 500, ಹಿಂದಿನ ವರ್ಷ ಇನ್ನೊಂದು 500 ಕಡಿತ. ಅವ್ವ ಯಾವ ವಿಮೆಯನ್ನೂ ಕೇಳಿರಲಿಲ್ಲ.

ಇದು ನಮ್ಮನೆ ಒಂದರದ್ದೇ ಕಥೆ ಅಲ್ಲ. ಖಾತೇಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅನ್ನೋ ಕಾರಣಕ್ಕೆ ಸರ್ಕಾರಿ ಬ್ಯಾಂಕುಗಳು 2019-20ರಿಂದ ಐದು ವರ್ಷದಲ್ಲಿ ಸುಮಾರು 8,500 ಕೋಟಿ ದಂಡ ವಸೂಲಿ ಮಾಡಿವೆ ಅಂತ ಸಂಸತ್ತಿನಲ್ಲಿ ಸರ್ಕಾರವೇ ಹೇಳಿದೆ. ದುಡ್ಡಿಲ್ಲ ಅನ್ನೋದಕ್ಕೆ ದಂಡ! ಅದೇ ಸಂಸತ್ತಿನಲ್ಲೇ ಇನ್ನೊಂದು ಉತ್ತರ: 2023-24ರವರೆಗಿನ ಹತ್ತು ವರ್ಷದಲ್ಲಿ ಬ್ಯಾಂಕುಗಳು ಲೆಕ್ಕದಿಂದ ತೆಗೆದುಹಾಕಿದ ಸಾಲ 16 ಲಕ್ಷ ಕೋಟಿಗೂ ಮೇಲೆ. ಇದು ಸಾಲಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತೆ ಅಂತಾರೆ. ತಾಂತ್ರಿಕವಾಗಿ ಅದು ನಿಜ, ನಾನೂ ಒಪ್ತೀನಿ. ನನ್ನ ಪ್ರಶ್ನೆ ಇಷ್ಟೇ: ಅವರ ಮನೆ ಮುಂದೆ ಜೀಪು ನಿಂತಿದ್ದನ್ನ ಯಾರಾದ್ರೂ ನೋಡಿದ್ದೀರಾ?

ಹಾಗಾಗಿ ನಮ್ಮ ಹೆಂಗಸರು ಬ್ಯಾಂಕನ್ನ ನಂಬಲ್ಲ ಅಂದ್ರೆ ಅದನ್ನ ಅಜ್ಞಾನ ಅಂತ ಕರೀಬೇಡಿ. ಅದು ನೆನಪು.

ಈಗ ಆ ಹುಡುಗರ ಕಡೆ ಬರ್ತೀನಿ.

ನನ್ನ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದ. ಗುತ್ತಿಗೆ ಕೆಲಸ, ಕೈಗೆ ಹದಿನೇಳು ಸಾವಿರ. ರೂಮಿನ ಹುಡುಗರ ಜೊತೆ ಸೇರಿ ಆಪ್ಷನ್ಸ್ ಆಡೋಕೆ ಶುರು ಮಾಡಿದ. ಮೊದಲ ವಾರ ಮೂರು ಸಾವಿರ ಬಂತು, ಅವ್ವನಿಗೆ ಸೀರೆ ತಂದುಕೊಟ್ಟ. ಎಂಟು ತಿಂಗಳಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಹೋಗಿತ್ತು. ಅದರಲ್ಲಿ ಅರವತ್ತು ಸಾವಿರ ಅಕ್ಕ ಸಂಘದಲ್ಲಿ ಎತ್ತಿಕೊಟ್ಟ ಮೈಕ್ರೋಫೈನಾನ್ಸ್ ಸಾಲ. ಬೈಕ್ ತಗೋತೀನಿ ಅಂತ ಸುಳ್ಳು ಹೇಳಿದ್ದ. ಕಂತು ತಪ್ಪಿತು. ವಸೂಲಿಯವರು ಮನೆ ಮುಂದೆ ಬಂದು ಕೂತ್ರು, ಸಂಘದ ಹೆಂಗಸರೇ ಅಕ್ಕನ ಮೇಲೆ ತಿರುಗಿಬಿದ್ರು. ಹುಡುಗ ಮೂರು ದಿನ ಫೋನ್ ಆಫ್ ಮಾಡಿ ಎಲ್ಲೋ ಹೋಗಿಬಿಟ್ಟ. ಆ ಮೂರು ರಾತ್ರಿ ನಾವು ಎಲ್ಲೆಲ್ಲಿ ಹುಡುಕಿದ್ವಿ ಅನ್ನೋದನ್ನ ಇಲ್ಲಿ ಬರೆಯಲ್ಲ. ನಾಲ್ಕನೇ ದಿನ ಮಂಡ್ಯ ರೈಲ್ವೆ ಸ್ಟೇಷನ್ನಿಂದ ಫೋನ್ ಮಾಡಿದ. "ಮಾವ, ಊಟ ಮಾಡಿಲ್ಲ" ಅಂದ. ಅಷ್ಟು ಸಾಕಾಗಿತ್ತು ನಮಗೆ.

ಆಪ್ಷನ್ಸ್ ಅಂದ್ರೆ ಶೇರು ಕೊಂಡು ಇಟ್ಟುಕೊಳ್ಳೋದಲ್ಲ. ಸೂಚ್ಯಂಕ ಇಂಥ ದಿನದೊಳಗೆ ಇಂಥ ಮಟ್ಟ ದಾಟುತ್ತೆ, ಇಲ್ಲಾ ಇಳಿಯುತ್ತೆ ಅಂತ ದುಡ್ಡು ಕಟ್ಟೋದು. ಗಡುವಿನ ಹೊತ್ತಿಗೆ ಅಂದುಕೊಂಡಂಗೆ ಆಗದಿದ್ರೆ ಕಟ್ಟಿದ್ದೆಲ್ಲಾ ಸೊನ್ನೆ. ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ ಮೂರು ವರ್ಷದಲ್ಲಿ ಈ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿಗೆ ಇಳಿದ ಸಾಮಾನ್ಯ ಜನ ಒಂದು ಕೋಟಿಗೂ ಹೆಚ್ಚು. ನೂರಕ್ಕೆ 93 ಜನ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಗೆದ್ದವರು ಯಾರು? ಕಂಪ್ಯೂಟರ್ ಪ್ರೋಗ್ರಾಂ ಇಟ್ಟುಕೊಂಡು ವ್ಯಾಪಾರ ಮಾಡೋ ದೊಡ್ಡ ಸಂಸ್ಥೆಗಳು, ವಿದೇಶಿ ಹೂಡಿಕೆದಾರರು.

ದೊಡ್ಡವರು ಆಟವನ್ನೇ ತಿರುಗಿಸ್ತಾರಾ? ಜನರ ಅನುಮಾನ ಇದೇ. ಒಂದು ಉದಾಹರಣೆ ಕೊಡ್ತೀನಿ. 2025ರ ಜುಲೈ 3ರಂದು ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಅನ್ನೋ ವಹಿವಾಟು ಸಂಸ್ಥೆ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ, ಅಕ್ರಮ ಲಾಭ ಅಂತ 4,843 ಕೋಟಿ ರೂಪಾಯಿ ಜಪ್ತಿಗೆ ಹೇಳಿತು. ಆ ಆದೇಶದಲ್ಲಿ ಸೆಬಿ ಬಿಡಿಸಿ ಹೇಳಿರೋ ಒಂದು ದಿನ 2024ರ ಜನವರಿ 17. ಅವತ್ತು ಬ್ಯಾಂಕ್ ಶೇರುಗಳು ಬಿದ್ದೇ ಶುರುವಾಗಿದ್ದವು. ಬ್ಯಾಂಕ್ ನಿಫ್ಟಿ ಅನ್ನೋದು ಆಗ ಹನ್ನೆರಡು ಬ್ಯಾಂಕುಗಳ ಶೇರಿನ ಸೂಚ್ಯಂಕ. ಸೆಬಿ ಪ್ರಕಾರ ಆ ಸಂಸ್ಥೆ ಬೆಳಿಗ್ಗೆ 4,370 ಕೋಟಿಯಷ್ಟು ಬ್ಯಾಂಕ್ ಶೇರು, ಫ್ಯೂಚರ್ಸ್ ಕೊಂಡು ಸೂಚ್ಯಂಕವನ್ನ ಎತ್ತಿ ಹಿಡೀತು. ಅದೇ ಹೊತ್ತಿಗೆ ಸೂಚ್ಯಂಕ ಬೀಳುತ್ತೆ ಅನ್ನೋ ಕಡೆ ಆಪ್ಷನ್ಸ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಟ್ಟಿತ್ತು. ಆಮೇಲೆ ಕೊಂಡಿದ್ದನ್ನೆಲ್ಲಾ ಮಾರಿತು. ಶೇರಿನಲ್ಲಿ ಸಣ್ಣ ನಷ್ಟ, ಆಪ್ಷನ್ಸ್‌ನಲ್ಲಿ ಭಾರಿ ಲಾಭ. ಒಂದೇ ದಿನಕ್ಕೆ ಉಳಿದಿದ್ದು 673 ಕೋಟಿ.

ನಮ್ಮ ಕಡೆಯವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ಬೆಲ್ಲದ ಮಂಡಿ ನೆನಪಿಸಿಕೊಳ್ಳಿ. ಒಬ್ಬ ದೊಡ್ಡ ಸಾಹುಕಾರ ಬೆಳಿಗ್ಗೆ ಹತ್ತು ಮೂಟೆ ಬೆಲ್ಲವನ್ನ ಜಾಸ್ತಿ ಬೆಲೆಗೆ ಕೂಗಿ ತಗೋತಾನೆ. ಹೊರಗಿನ ಜನ "ಇವತ್ತು ಬೆಲ್ಲ ಏರುತ್ತೆ" ಅಂತ ಬಾಜಿ ಕಟ್ತಾರೆ. ಅವನು ಒಳಗೊಳಗೇ ಇಳಿಯುತ್ತೆ ಅಂತ ಸಾವಿರ ಮೂಟೆಯಷ್ಟು ಬಾಜಿ ಕಟ್ಟಿದ್ದಾನೆ. ಮಧ್ಯಾಹ್ನ ಹತ್ತು ಮೂಟೆ ಸುರಿದುಬಿಡ್ತಾನೆ. ಆರೋಪ ಇಷ್ಟೇ. ಇದು ಆಗೋಕೆ ಕಾರಣ ನಿಜವಾದ ಬೆಲ್ಲಕ್ಕಿಂತ ಬಾಜಿಯೇ ದೊಡ್ಡದಾಗಿರೋದು. ಅವತ್ತು ಬ್ಯಾಂಕ್ ನಿಫ್ಟಿ ಆಪ್ಷನ್ಸ್ ವಹಿವಾಟು ಆ ಬ್ಯಾಂಕುಗಳ ಶೇರು ವಹಿವಾಟಿನ ಮುನ್ನೂರು ಪಟ್ಟಿಗೂ ಹೆಚ್ಚಿತ್ತು.

ಎರಡು ಮಾತು ಸ್ಪಷ್ಟ ಇರಲಿ. ಅದು ಮಧ್ಯಂತರ ಆದೇಶ, ಅಂತಿಮ ತೀರ್ಪಲ್ಲ. ಕಂಪನಿ ಆರೋಪ ಒಪ್ಪದೆ ಮೇಲ್ಮನವಿ ಹೋಗಿದೆ. ಇನ್ನು ನನ್ನ ಅಕ್ಕನ ಮಗನ ನಷ್ಟಕ್ಕೂ ಈ ಕಂಪನಿಗೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಅವನು ಆಡಿದ್ದೇ ಬೇರೆ, ದಿನಗಳೂ ಬೇರೆ. ನಾನು ಹೇಳೋದು, ಹದಿನೇಳು ಸಾವಿರ ಸಂಬಳದ ಹುಡುಗ ಮೊಬೈಲ್ ಹಿಡಿದು ಕೂರೋ ಅದೇ ಮೇಜಿನ ಎದುರಿಗೆ ಎಂಥೆಂಥವರು ಕೂತಿರ್ತಾರೆ ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಬಾಬಾಸಾಹೇಬರಿಗೆ ಈ ಮೇಜಿನ ಪರಿಚಯ ಇತ್ತು. ಅಮೆರಿಕದಲ್ಲಿ ಓದಿ ಬಂದ ಮೇಲೆ ಮುಂಬೈನಲ್ಲಿ ಶೇರು, ಹೂಡಿಕೆ ಬಗ್ಗೆ ಸಲಹೆ ಕೊಡೋ ವ್ಯವಹಾರ ಶುರು ಮಾಡಿದ್ರು. ಸಲಹೆ ಕೊಡೋರು ಅಸ್ಪೃಶ್ಯರು ಅಂತ ಗೊತ್ತಾದ ಕೂಡಲೇ ಗಿರಾಕಿಗಳು ಬರೋದು ನಿಲ್ಲಿಸಿದ್ರು. ದುಡ್ಡಿಗೆ ಜಾತಿ ಇಲ್ಲ ಅನ್ನೋರಿಗೆ ಈ ಒಂದು ಘಟನೆ ಸಾಕು. ಅದೇ ಮನುಷ್ಯ 1923ರಲ್ಲಿ ಲಂಡನ್ನಿನಲ್ಲಿ 'ರೂಪಾಯಿಯ ಸಮಸ್ಯೆ' ಪುಸ್ತಕ ಪ್ರಕಟಿಸಿದ್ರು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದ್ರು.

"ಆರ್‌ಬಿಐ ಕಟ್ಟಿದ್ದೇ ಬಾಬಾಸಾಹೇಬರು" ಅಂತ ಏಪ್ರಿಲ್ 14ಕ್ಕೆ ನಾವು ಪೋಸ್ಟರ್ ಹಾಕ್ತೀವಿ. ವಿಷಯ ಅಷ್ಟು ಸರಳ ಇಲ್ಲ, ಪೋಸ್ಟರಿಗಿಂತ ಅವರ ವಾದ ಮುಖ್ಯ. ರೂಪಾಯಿಯ ಬೆಲೆ ಇಳಿಸಿದ್ರೆ ಸಾಮಾನಿನ ಬೆಲೆ ಏರುತ್ತೆ, ಕೂಲಿ ಅಷ್ಟು ಬೇಗ ಏರಲ್ಲ, ಲಾಭ ವ್ಯಾಪಾರಿಗೆ, ಹೊಡೆತ ಕೂಲಿಯವನಿಗೆ. ಹಾಗಾಗಿ ನೋಟು ಹೊರಡಿಸೋರ ವಿವೇಕದ ಮೇಲೆ ಭರವಸೆ ಇಟ್ಟು ಕೂರಬೇಡಿ, ಅವರ ಕೈಗೆ ಮಿತಿ ಹಾಕಿ ಅನ್ನೋದು ಅವರ ನಿಲುವು. ಆಳುವವರು ಒಳ್ಳೆಯವರಾ ಕೆಟ್ಟವರಾ ಅಂತ ಅವರು ಕೇಳ್ತಾ ಕೂರಲಿಲ್ಲ, ನಿಯಮ ಏನಿದೆ ಅಂತ ಕೇಳಿದ್ರು.

ನಮ್ಮ ಅಪನಂಬಿಕೆಯೂ ಆ ದಾರೀಲಿ ಹೋಗಬೇಕು ಅನ್ನೋದು ನನ್ನ ಅನಿಸಿಕೆ. "ಎಲ್ಲಾ ಕಳ್ಳರು" ಅಂತ ಬೈದು ದುಡ್ಡನ್ನ ರಾಗಿ ವಾಡೆಗೆ ವಾಪಸ್ ಹಾಕಿದ್ರೆ ಕಾಯ್ತಾ ಇರೋದು ಮೀಟರ್ ಬಡ್ಡಿಯವನು, ಚೀಟಿ ಹಾಕಿಸಿ ಓಡಿಹೋಗೋನು, ಟೆಲಿಗ್ರಾಂನಲ್ಲಿ ಟಿಪ್ಸ್ ಮಾರೋನು. ಇವರಿಗೆ ನಿಯಮವೂ ಇಲ್ಲ, ಕಿಟಕಿಯೂ ಇಲ್ಲ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣ ಆದ ಮೇಲೆಯೇ ಹಳ್ಳಿಗಳಿಗೆ ಶಾಖೆಗಳು ಹೆಚ್ಚು ಬಂದಿದ್ದು, ಮೀಸಲಾತಿಯಲ್ಲಿ ನಮ್ಮವರು ಕೌಂಟರಿನ ಆ ಕಡೆ ಕೂತಿದ್ದು. ನಮ್ಮ ಕರ್ನಾಟಕದ ಕೆನರಾ, ಸಿಂಡಿಕೇಟ್ ಎರಡೂ ಆ ಹದಿನಾಲ್ಕರಲ್ಲಿದ್ದವು. ಆ ಜಾಗವನ್ನ ಬಿಟ್ಟು ಬರಬಾರದು, ಒಳಗೆ ನಿಂತು ಲೆಕ್ಕ ಕೇಳಬೇಕು.

ಚಿಕ್ಕಮ್ಮನಿಗೆ ಅವತ್ತು ಹೇಳಬೇಕಿದ್ದ ಉತ್ತರ ಈಗ ಹೇಳ್ತೀನಿ.

ಎಲ್ಲಾ ಬ್ಯಾಂಕು ಮುಳುಗುತ್ತೆ ಅನ್ನೋ ಫಾರ್ವರ್ಡ್ ನಂಬಬೇಡಿ. ಆದ್ರೆ ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. 2019ರಲ್ಲಿ ಮುಂಬೈನ ಪಿಎಂಸಿ ಸಹಕಾರಿ ಬ್ಯಾಂಕಿಗೆ ನಿರ್ಬಂಧ ಬಿದ್ದಾಗ ಮೊದಲು ಒಂದು ಖಾತೆಯಿಂದ ತೆಗೆಯೋಕೆ ಬಿಟ್ಟಿದ್ದು 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ 35,000ದ ಮಿತಿ ಬಿತ್ತು. ಆಮೇಲೆ ಆ ಫೆಬ್ರವರಿಯಲ್ಲಿ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆ ಇದೆ. ನಮ್ಮಲ್ಲಿ ಬಹುತೇಕರ ಉಳಿತಾಯ ಅದರೊಳಗೇ ಇದೆ. ಜನಧನ ಥರದ ಮೂಲ ಉಳಿತಾಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಕೇಳುವಂತಿಲ್ಲ. ಕೇಳದೆ ಕಡಿತ ಮಾಡಿದ್ರೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಪುಕ್ಕಟೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಮೈಕ್ರೋಫೈನಾನ್ಸ್‌ನವರು ಮನೆ ಮುಂದೆ ಬಂದು ಕೂತು ಕಿರುಕುಳ ಕೊಟ್ಟರೆ 2025ರಲ್ಲಿ ಕರ್ನಾಟಕ ತಂದ ಕಾನೂನಿದೆ, ಠಾಣೆಗೆ ಹೋಗಿ, ನಮ್ಮನ್ನೂ ಕರೀರಿ.

ಹುಡುಗರಿಗೆ ಒಂದೇ ಮಾತು. ಸಾಲ ಮಾಡಿ ಆಪ್ಷನ್ಸ್ ಆಡಬೇಡಿ. ಆಗಲೇ ಕಳೆದುಕೊಂಡಿದ್ರೆ ಮನೇಲಿ ಹೇಳಿ. ಬೈಸಿಕೊಳ್ಳಿ, ಪರವಾಗಿಲ್ಲ. ಫೋನ್ ಮಾತ್ರ ಆಫ್ ಮಾಡಬೇಡಿ.

ಅವ್ವನ ಸಾವಿರ ರೂಪಾಯಿ ಏನಾಯ್ತು ಅಂತ ಕೇಳಬಹುದು. ಅವ್ವನ ಜೊತೆ ಶಾಖೆಗೆ ಹೋದೆ. "ಸಿಸ್ಟಮ್ಮೇ ಕಟ್ ಮಾಡುತ್ತೆ" ಅಂದ್ರು. ಅವ್ವ ಸಹಿ ಹಾಕಿದ ಒಪ್ಪಿಗೆ ಪತ್ರ ತೋರಿಸಿ ಅಂತ ಬರೆದುಕೊಟ್ವಿ. ಪತ್ರ ಅವರ ಹತ್ರ ಇರಲಿಲ್ಲ. ಇಪ್ಪತ್ತೆರಡು ದಿನಕ್ಕೆ ಸಾವಿರ ರೂಪಾಯಿ ವಾಪಸ್ ಖಾತೆಗೆ ಬಂತು. ಪಾಸ್‌ಬುಕ್ಕಿನ ಆ ಗೆರೆಯನ್ನ ಅವ್ವನಿಗೆ ತೋರಿಸಿ, "ನೋಡವ್ವ, ಈಗಾದ್ರೂ ಬ್ಯಾಂಕು ನಂಬ್ತೀಯಾ?" ಅಂದೆ.

"ನಂಬಿದ್ದಕ್ಕೆ ಎಲ್ಲಿ ಕೊಟ್ರು ಮಗ, ಬರ್ದು ಕೊಟ್ಟಿದ್ದಕ್ಕೆ ಕೊಟ್ರು" ಅಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಭವನದಲ್ಲಿ ಕೂರ್ತೀವಿ. ಪಾಸ್‌ಬುಕ್ ತನ್ನಿ. ಬರೆಯೋಕೆ ಬಾರದೋರಿಗೆ ನಾವು ಬರೆದುಕೊಡ್ತೀವಿ.

ಜೈಭೀಮ್.